ಎರಡನೇ ಸಲ ಕರೆಯದವಳು

ಯಾರನ್ನೂ ಎರಡನೇ ಸಲ ಕರೆಯುವುದಿಲ್ಲ.

ಅವಳು ತನಗೆ ತಾನೇ ಕೊಟ್ಟುಕೊಂಡ ಮಾತು ಅದು. ಕೊಟ್ಟು ವರ್ಷಗಳೇ ಆಗಿದ್ದವು.

ಅವತ್ತು ಗಂಡ ಸೂಟ್‌ಕೇಸ್ ಹಿಡಿದು ಮನೆ ಮುಂದಿನ ಅವಳ ಗಿಡಗಳ ನರ್ಸರಿಯ ಗೇಟಿನ ಕಡೆ ನಡೆದಿದ್ದ. "ರೀ..." ಎಂದು ಕರೆದಿದ್ದಳು. ಅವನು ನಿಂತ. ತಿರುಗಿದ. ಏನೋ ಮರೆತು ಬಂದವನ ಹಾಗೆ ಅವಳ ಮುಖ ನೋಡಿ, ಮತ್ತೆ ನಡೆದ.

ಇನ್ನೊಂದು ಸಲ ಕರೆದಳು. ಈ ಸಲ ಅವನು ತಿರುಗಲೇ ಇಲ್ಲ. ಗೇಟಿನ ಚಿಲಕ ಬಿದ್ದ ಸದ್ದಷ್ಟೇ ಕೇಳಿಸಿತು.

ಅವನು ಹೋದದ್ದಕ್ಕಿಂತ ಆ ಎರಡನೇ ಕರೆಯೇ ಅವಳನ್ನು ಹೆಚ್ಚು ಸುಟ್ಟಿತ್ತು. ಯಾಕೆ ಕರೆದೆ? ಒಂದು ಸಲ ಸಾಕಾಗಲಿಲ್ಲವಾ ನಿನಗೆ?

ಆಮೇಲೆ ಯಾವುದೂ ಸುಡಲಿಲ್ಲ. ಬೇರೆಯಾಗುವ ಕಾಗದಗಳಿಗೆ ಸಹಿ ಹಾಕುವಾಗಲೂ ಕೈ ನಡುಗಲಿಲ್ಲ. ಗುಲಾಬಿ ಗಿಡ ಕತ್ತರಿಸುವಾಗ ಮುಳ್ಳು ಚುಚ್ಚಿದರೆ, ರಕ್ತ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಓಹ್... ಚುಚ್ಚಿದೆ ಅಂತ.

ತಮ್ಮ ಮಗ ಬಿಟ್ಟು ಹೋದ ಮನೆಯಲ್ಲಿ ಮಾವ ಉಳಿದರು.

ಮಾವ ಬಸ್ ಡ್ರೈವರ್ ಆಗಿದ್ದವರು. ನಿವೃತ್ತಿಯಾಗಿ, ಒಮ್ಮೆ ತಲೆ ಸುತ್ತಿ ಬಿದ್ದು, "ಇನ್ನು ಯಾವ ಗಾಡಿಯ ಸ್ಟಿಯರಿಂಗೂ ಮುಟ್ಟಬೇಡಿ" ಅಂತ ಡಾಕ್ಟರಿಂದ ಹೇಳಿಸಿಕೊಂಡವರು. "ಮಗನ ಹತ್ರ ಹೋಗಲ್ವಾ?" ಎಂದು ಯಾರಾದರೂ ಕೇಳಿದರೆ, "ನನ್ನ ಸೊಸೆ ಇಲ್ಲಿದ್ದಾಳಲ್ಲ" ಎನ್ನುತ್ತಿದ್ದರು. ಅಷ್ಟೇ. ಅದಕ್ಕಿಂತ ಹೆಚ್ಚು ಆ ಮನೆಯಲ್ಲಿ ಆ ವಿಷಯ ಯಾರೂ ಮಾತಾಡಲಿಲ್ಲ.

ಪುಟ್ಟ ಟ್ರಾಕ್ಟರ್ ತರಿಸಿದ್ದೂ ಮಾವನೇ.

"ಕೈಗಾಡಿ ತಳ್ಳಿ ತಳ್ಳಿ ಸೊಂಟ ಮುರ್ಕೋತೀಯ ಕಣಮ್ಮ. ಸಾಲುಗಳ ಮಧ್ಯೆ ಸಲೀಸಾಗಿ ನುಗ್ಗೋ ಚಿಕ್ಕ ಗಾಡಿಗಳು ಬಂದಿವೆ. ವಾರಂಟಿ ಬೇರೆ ಕೊಡ್ತಾರೆ!"

ವಾರಂಟಿ... ಆ ಪದ ಕೇಳಿದರೆ ಅವಳಿಗೆ ನಗುವೂ ಬರುತ್ತಿರಲಿಲ್ಲ. ಎಲ್ಲರೂ ಕೊಡುವಾಗ ಕೊಡುತ್ತಾರೆ, ಉಳಿಸಿಕೊಳ್ಳುವವರು ಯಾರು?

*

ಗಾಡಿ ಮೊದಲ ಸಲ ಕೈಕೊಟ್ಟಿದ್ದು ಗೇಟಿನ ನಟ್ಟನಡುವೆ.

ಗಾಡಿಯ ಹಿಂದೆ ಸಾಮಾನು ಎತ್ತುವ ಲಿಫ್ಟಿನ ಹಲಗೆಯ ಮೇಲೆ ಆಸ್ಪತ್ರೆಯೊಂದರ ತೋಟಕ್ಕೆ ಹೋಗಬೇಕಿದ್ದ ಕುಂಡಗಳು. ಎದುರಿಗೆ ರಸ್ತೆ. ಕೀ ತಿರುಗಿಸಿದರೆ 'ಟಿಕ್' ಎಂಬ ಸದ್ದು. ಮತ್ತೇನಿಲ್ಲ. ಒಳಗೆ ಬರಬೇಕಾದ ಗೊಬ್ಬರದ ಲಾರಿಯವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ.

ಅವಳು ಸರ್ವಿಸ್ ಸೆಂಟರಿಗೆ ಫೋನ್ ಮಾಡಿದಳು. ಒಂದು ಸಲ.

"ಹತ್ತು ಸಲ ಮಾಡು, ಆಗ ಒಬ್ಬ ಬರ್ತಾನೆ. ಅವರ ಪದ್ಧತಿನೇ ಹಾಗೆ" ಎಂದ ಲಾರಿಯವನು, ಹಾರ್ನ್ ನಿಲ್ಲಿಸದೆಯೇ.

ಅವಳು ಖಾಲಿ ಕುಂಡವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಬಂದರೆ ಬರಲಿ. ಬರದಿದ್ದರೆ ಇಲ್ಲಿಂದಲೇ ಒಂದೊಂದೇ ಹೊತ್ತು ಹಾಕುತ್ತೇನೆ.

ಬಂದ!

ಬೈಕಿನಿಂದ ಇಳಿದವನ ತಲೆಯ ಮೇಲೆ ಬಣ್ಣ ಮಾಸಿದ ಟೋಪಿ. ಮುಂಗೈವರೆಗೆ ಗ್ರೀಸು. ಅವಳ ಕಡೆ ನೋಡಲಿಲ್ಲ. ಮೊದಲು ಲಾರಿಯವನ ಕಿಟಕಿಗೆ ಹೋಗಿ, "ಅಣ್ಣಾ, ಹಾರ್ನಿಂದ ಇದು ಸ್ಟಾರ್ಟ್ ಆಗೋ ಹಾಗಿದ್ರೆ ನಂಗೆ ಸಂಬಳ ಯಾಕೆ ಕೊಡ್ತಿದ್ರು?" ಎಂದ.

ಹಾರ್ನ್ ನಿಂತಿತು.

ಅವಳು ಎದ್ದು ನಿಂತಳು. "ನೋಡಿ ಮೆಕ್ಯಾನಿಕ್, ಒಂದು ವಿಷಯ ಈಗಲೇ ಹೇಳ್ತೀನಿ. ನಾನು ಒಂದೇ ಸಲ ಕರೆಯೋದು. ಗೋಗರೆಯಲ್ಲ. ಬರೋಕಾಗಲ್ಲ ಅಂದ್ರೆ ಇವತ್ತೇ ಹೇಳ್ಬಿಡಿ."

ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಆ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಅಭ್ಯಾಸವಿತ್ತು. ಇದು ಬೇರೆ. ಖಾಲಿ ಟ್ಯಾಂಕಿಗೆ ಬಡಿದರೆ ಬರುವ ಸದ್ದು.

"ಒಂದೇ ಸಲ ಸಾಕು ಮೇಡಂ" ಎಂದ. "ಎರಡು ಸಲ ಕರೆಸ್ಕೊಳ್ಳೋ ಅಭ್ಯಾಸ ನಂಗೂ ಇಲ್ಲ."

ಟೋಪಿ ತೆಗೆದು ಬಟ್ಟಲಿನ ಹಾಗೆ ಪಕ್ಕದಲ್ಲಿಟ್ಟು, ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ಅದರೊಳಗೆ ಜೋಡಿಸತೊಡಗಿದ.

ವರಾಂಡದಿಂದ ಇದನ್ನೆಲ್ಲ ನೋಡುತ್ತಿದ್ದ ಮಾವ ಅವತ್ತೇ ಹೆಸರಿಟ್ಟರು. "ಕಂಪನಿಯೋರೆಲ್ಲ ನಮಗೆ ಟೋಪಿ ಹಾಕೋರು. ಇವನೊಬ್ಬ ಟೋಪಿ ತೆಗೆಯೋನು!"

ಅಂದಿನಿಂದ ಆ ಮನೆಯಲ್ಲಿ ಅವನು ಟೋಪಿ.

*

ಗಾಡಿಗೆ ಕಾಯಿಲೆ ಒಂದೇ ಆಗಿರಲಿಲ್ಲ.

ಬೆಳಿಗ್ಗೆ ಕೀ ತಿರುಗಿಸಿದರೆ ಬ್ಯಾಟರಿ ಸತ್ತಿರುತ್ತಿತ್ತು. ಹಿಂದಿನ ಲಿಫ್ಟು ಕುಂಡಗಳನ್ನು ಎತ್ತಿ ಹಿಡಿಯುತ್ತಿತ್ತು, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೆಲ್ಲಗೆ ಜಾರಿ ನೆಲ ಕೆರೆಯುತ್ತಿತ್ತು. ದಾರಿಯುದ್ದಕ್ಕೂ ಎಣ್ಣೆಯ ಹನಿ. ಅವಳು ಎಲ್ಲೆಲ್ಲಿ ಓಡಾಡಿದಳು ಎಂದು ಯಾರು ಬೇಕಾದರೂ ಹೇಳಬಹುದಿತ್ತು.

ಅವಳು ಒಂದು ಸಲ ಕರೆಯುತ್ತಿದ್ದಳು. ಟೋಪಿ ಬರುತ್ತಿದ್ದ.

ಬ್ಯಾಟರಿ ಬದಲಾಯಿಸಿದ. ಸ್ಟಾರ್ಟರ್ ಬಿಚ್ಚಿ ಜೋಡಿಸಿದ. ವೈರುಗಳನ್ನು ಒಂದೊಂದಾಗಿ ಹಿಡಿದು ಹೋದ. ಅವನಿದ್ದಾಗ ಗಾಡಿ ಒಳ್ಳೆಯ ಮಗುವಿನ ಹಾಗಿರುತ್ತಿತ್ತು. ಅವನು ಹೋದ ಎರಡು ದಿನಕ್ಕೆ ಮತ್ತೆ 'ಟಿಕ್'.

"ನಿನ್ನ ಮುಖ ನೋಡ್ದೆ ಅದಕ್ಕೆ ಇರೋಕಾಗಲ್ಲ ಕಣಯ್ಯ" ಎನ್ನುತ್ತಿದ್ದರು ಮಾವ. "ಮದುವೆ ಆಗಿದೆಯೇನಪ್ಪ ನಿಂಗೆ?"

"ಇಲ್ಲ ಸಾಹೇಬ್ರೇ. ಹುಡುಗಿ ನೋಡೋಕೆ ಅಂತ ಹೋದ್ರೆ, ಕೈ ಉಗುರು ನೋಡಿ 'ಸ್ನಾನ ಮಾಡ್ಕೊಂಡು ಬರ್ಬೇಕಿತ್ತು' ಅಂದ್ರು. ಸ್ನಾನ ಮಾಡ್ಕೊಂಡೇ ಹೋಗಿದ್ದೆ!"

ಮಾವ ಕೆಮ್ಮು ಬರುವವರೆಗೆ ನಕ್ಕರು. ಅವಳು ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಗಬೇಕಿತ್ತು ಅಂತ ಅಡುಗೆಮನೆ ತಲುಪಿದ ಮೇಲೆ ಅನ್ನಿಸಿತು.

ದೂರದ ಊರಿಗೆ ಹೋಗಿದ್ದರೆ ಅವನು ಫೋನಿನಲ್ಲೇ ಗಾಡಿಯ ಸದ್ದು ಕೇಳುತ್ತಿದ್ದ. "ಇಂಜಿನ್ ಹತ್ರ ಹಿಡೀರಿ... ಹ್ಞಾಂ... ಈಗ ಸ್ವಲ್ಪ ಆಕ್ಸಿಲರೇಟರ್ ಕೊಡಿ..." ಅವಳು ಹಿಡಿಯುತ್ತಿದ್ದಳು. ಅವನು ಕಾಯಿಲೆ ಹೇಳುತ್ತಿದ್ದ.

ಒಂದು ದಿನ ಹೀಗೇ ಕೇಳಿಸಿಕೊಂಡವನು, "ಗಾಡಿ ಆರಾಮಾಗಿದೆ ಮೇಡಂ" ಎಂದ. ಸ್ವಲ್ಪ ತಡೆದು, "ನಿಮ್ಮ ದನಿ ಯಾಕೋ ಸರಿಯಿಲ್ಲ" ಎಂದ.

"ನಂಗೇನಾಗಿದೆ?"

"ಗೊತ್ತಿಲ್ಲ. ನಿನ್ನೆ ಹೀಗಿರ್ಲಿಲ್ಲ. ಹಣೆ ಮುಟ್ಟಿ ನೋಡ್ಕೊಳ್ಳಿ."

ಫೋನ್ ಇಟ್ಟ ಮೇಲೆ ಹಣೆ ಮುಟ್ಟಿಕೊಂಡಳು. ಸುಡುತ್ತಿತ್ತು. ಜ್ವರ! ಯಾವಾಗಿಂದ ಇತ್ತೋ... ಅವಳಿಗೇ ಗೊತ್ತಾಗಿರಲಿಲ್ಲ.

ಅವಳು ಟ್ರಾಕ್ಟರಿನ ಚಕ್ರಕ್ಕೆ ಒರಗಿ ತುಂಬ ಹೊತ್ತು ಕೂತಿದ್ದಳು. ಎದೆಯಲ್ಲಿ ಎಲ್ಲೋ ಒಂದು ಕಡೆ, ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಆಗುತ್ತದಲ್ಲ, ಅಂಥ ಚುರುಚುರು.

ಬೇಡ. ಇದು ಬೇಡ. ಅವನು ಬರುವುದು ಗಾಡಿಗೆ. ವಾರಂಟಿ ಮುಗಿದ ದಿನ ಅವನೂ ಮುಗಿಯುತ್ತಾನೆ.

*

ಬ್ಯಾಟರಿ ಯಾಕೆ ಸಾಯುತ್ತಿದೆ ಎಂಬುದು ಟೋಪಿಗೆ ಗೊತ್ತಾಗಿದ್ದು ಒಂದು ಮಧ್ಯಾಹ್ನ. ಅವಳು ಸಸಿ ತಲುಪಿಸಲು ವ್ಯಾನಿನಲ್ಲಿ ಹೋಗಿದ್ದಳು. ಅವನು ಮರೆತು ಹೋಗಿದ್ದ ಪಾನಾ ತೆಗೆದುಕೊಳ್ಳಲು ಬಂದಿದ್ದ.

ಶೆಡ್ಡಿನೊಳಗೆ ಟ್ರಾಕ್ಟರಿನ ಸೀಟಿನ ಮೇಲೆ ಮಾವ ಕೂತಿದ್ದರು. ಕೀ ಆನ್ ಆಗಿತ್ತು. ಇಂಜಿನ್ ಇಲ್ಲ, ಬರೀ ಮುಂದಿನ ಕೆಂಪು ಹಸಿರು ದೀಪಗಳು. ಎರಡೂ ಕೈ ಸ್ಟಿಯರಿಂಗಿನ ಮೇಲೆ.

"ಆಸ್ಪತ್ರೆ ಸ್ಟಾಪ್... ಇಳಿಯೋರು ಬೇಗ ಬನ್ನಿ... ಹಿಂದೆ ಹೋಗಿ, ಹಿಂದೆ ಹೋಗಿ, ಹಿಂದೆ ಖಾಲಿ ಇದೆ..."

ಟೋಪಿ ಹಾಗೇ ನಿಂತ. ಅವನ ಕಣ್ಣು ಗಂಟೆ ಮೀಟರಿನ ಮೇಲೆ ಹೋಯಿತು. ಗಾಡಿ ದುಡಿದ ಗಂಟೆ ಲೆಕ್ಕ ಹಾಕುವ ಪುಟ್ಟ ಮೀಟರ್ ಅದು. ಕೀ ಆನ್ ಇದ್ದರೆ ಸಾಕು, ಇಂಜಿನ್ ತಿರುಗಲಿ ಬಿಡಲಿ, ಅದು ಓಡುತ್ತಲೇ ಇರುತ್ತದೆ. ವಾರಂಟಿಗೆ ಎರಡು ಗಡಿ. ತಾರೀಖು ಒಂದು, ಗಂಟೆ ಇನ್ನೊಂದು. ಯಾವುದು ಮೊದಲು ಮುಗಿದರೂ ವಾರಂಟಿ ಮುಗಿದ ಹಾಗೆ.

"ಸಾಹೇಬ್ರೇ..."

ಮಾವ ಬೆಚ್ಚಿದರು. ಮುಖ ಕಳೆಗುಂದಿತು. ಕದ್ದು ತಿನ್ನುವಾಗ ಸಿಕ್ಕಿಬಿದ್ದವರ ಹಾಗೆ.

"ಓಡಿಸಲ್ಲಪ್ಪ... ಸುಮ್ನೆ ಕೂತ್ಕೋತೀನಿ."

"ದಿನಾನಾ?"

"ಅವಳು ಹೊರಟ ಮೇಲೆ. ಬರೋದ್ರೊಳಗೆ ಇಳೀತೀನಿ."

"ಕೀ ಹಾಕ್ದೆ ಕೂತ್ಕೊಳ್ಳಿ ಸಾಹೇಬ್ರೇ. ಬ್ಯಾಟರಿ ಇದಕ್ಕೇ ಸಾಯ್ತಿರೋದು. ಮೀಟರೂ ಸುಮ್ನೆ ಓಡ್ತಿದೆ."

ಮಾವ ದೀಪಗಳನ್ನು ನೋಡುತ್ತ ಹೇಳಿದರು, "ದೀಪ ಹತ್ತಲಿಲ್ಲ ಅಂದ್ರೆ ಅದು ಬಸ್ಸಲ್ಲಪ್ಪ. ಕುರ್ಚಿ."

ಟೋಪಿ ಮೂಲೆಯಲ್ಲಿದ್ದ ಪಾನಾ ಎತ್ತಿ ಚೀಲಕ್ಕೆ ಹಾಕಿದ.

"ಅವಳಿಗೆ ಹೇಳ್ಬೇಡ" ಎಂದರು ಮಾವ. "ನನ್ನ ಮಗ ಅವಳಿಗೆ ಮಾಡಿದ್ದು ಸಾಲ್ದು ಅಂತ, ನಾನು ಅವಳ ಗಾಡಿನೂ ಕೆಡಿಸ್ದೆ ಅಂತಾಗುತ್ತೆ. ನಾನೇ ಹೇಳ್ತೀನಿ. ಒಳ್ಳೆ ಹೊತ್ತು ನೋಡಿ ಹೇಳ್ತೀನಿ. ಅಲ್ಲಿವರೆಗೂ ನಿನ್ನ ಬಾಯಲ್ಲಿ ಬರಬಾರ್ದು. ಮಾತು ಕೊಡು."

ಅವನು ಮಾತು ಕೊಟ್ಟ.

ಮಾವನಿಗೆ ಒಳ್ಳೆ ಹೊತ್ತು ಸಿಗಲೇ ಇಲ್ಲ.

*

ಲಿಫ್ಟು ಪೂರ್ತಿ ಕೂತುಬಿಟ್ಟ ವಾರ, ಅವಳು ಶೋರೂಮಿಗೆ ಹೋದಳು.

ಲಿಫ್ಟನ್ನು ಎತ್ತುವ ಒಳಗಿನ ಸಿಲಿಂಡರಿಗೇ ಗೀರು ಬಿದ್ದಿದೆ, ಇದು ಕಂಪನಿಯಿಂದಲೇ ಬಂದ ದೋಷ, ಇಡೀ ಸೆಟ್ ಬದಲಾಗಬೇಕು ಎಂದು ಟೋಪಿಯೇ ಹೇಳಿದ್ದ. ವಾರಂಟಿಯ ತಾರೀಖು ಇನ್ನೂ ಬಾಕಿ ಇತ್ತು.

ಮ್ಯಾನೇಜರ್ ಗಾಜಿನ ಮೇಜಿನ ಹಿಂದೆ ನಕ್ಕ. "ತಾರೀಖು ಇದೆ ಮೇಡಂ. ಗಂಟೆ ಇಲ್ಲ. ನಿಮ್ಮ ಮೀಟರ್ ಯಾವಾಗಲೋ ಗಡಿ ದಾಟಿದೆ."

"ಸಾಧ್ಯನೇ ಇಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಅಷ್ಟೇ ನಾವು ಓಡಿಸೋದು."

"ಹಾಗಾದ್ರೆ ಬೇರೆಯವರಿಗೆ ಬಾಡಿಗೆಗೆ ಬಿಟ್ಟಿರ್ತೀರಿ. ಎಲ್ಲರೂ ಬಿಡ್ತಾರೆ, ಕೇಳಿದ್ರೆ ಯಾರೂ ಒಪ್ಪಲ್ಲ."

ಕೋಣೆಯಲ್ಲಿ ಟೋಪಿಯೂ ಇದ್ದ. ಗೋಡೆಗೆ ಒರಗಿ, ಟೋಪಿ ಕೈಯಲ್ಲಿ ಹಿಡಿದು. ಅವಳು ಅವನ ಕಡೆ ತಿರುಗಿದಳು. ಇವನಿದ್ದಾನೆ. ಇವನಿಗೆ ಗೊತ್ತು.

"ನೀವು ಹೇಳಿ. ನಮ್ಮ ಗಾಡಿನ ನೋಡಿರೋದು ನೀವು. ಟೈರ್ ಸವೆದಿಲ್ಲ ಅಂತ ನೀವೇ ಅಂದಿದ್ರಿ. ಆ ಮೀಟರ್ ಕೆಟ್ಟಿದೆ ತಾನೇ?"

ಅವನು ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಮೀಟರ್ ಕೆಟ್ಟಿಲ್ಲ ಮೇಡಂ. ಸರಿಯಾಗೇ ಓಡಿದೆ." ಮ್ಯಾನೇಜರ್ ಕಡೆ ತಿರುಗಿ, "ಆದ್ರೆ ಇವರು ಬಾಡಿಗೆಗೆ ಬಿಟ್ಟಿಲ್ಲ ಸಾರ್. ಅದು ನಂಗೆ ಗೊತ್ತು."

"ಮತ್ತೆ ಯಾರು ಓಡಿಸಿದ್ರು?"

ಮ್ಯಾನೇಜರ್ ಮುಂದಕ್ಕೆ ಬಾಗಿದ.

"ಹೇಳಪ್ಪಾ. ಯಾರು?"

ಅವನು ಕೈಯಲ್ಲಿದ್ದ ಟೋಪಿಯನ್ನು ನೋಡುತ್ತ ನಿಂತ.

ಅವಳು ಕಾದಳು. ಮ್ಯಾನೇಜರ್ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದ. ಹೊರಗೆ ಹೊಸ ಟ್ರಾಕ್ಟರ್ ಒಂದಕ್ಕೆ ರಿಬ್ಬನ್ ಕಟ್ಟುತ್ತಿದ್ದರು. ಮತ್ತೊಂದು ಸಲ ಕೇಳಬಹುದಿತ್ತು... 'ದಯವಿಟ್ಟು ಹೇಳಿ' ಅನ್ನಬಹುದಿತ್ತು.

ಕೇಳಲಿಲ್ಲ.

ಅವಳು ಹೊರಗೆ ಬಂದಾಗ ಅವನು ಹಿಂದೆ ಓಡಿ ಬಂದ. "ಮೇಡಂ, ಒಂದ್ನಿಮಿಷ..."

"ಕಂಪನಿ ಸಂಬಳ ಕೊಡುತ್ತೆ. ಕಂಪನಿ ಪರ ನಿಂತ್ರಿ. ತಪ್ಪೇನಿಲ್ಲ."

"ಹಾಗಲ್ಲ..."

"ಹಾಗಲ್ಲ ಅಂದ್ರೆ ಹೇಗೆ? ಹೇಳಿ."

ಅವನು ಟೋಪಿಯನ್ನು ತಲೆಯ ಮೇಲಿಟ್ಟುಕೊಂಡ.

"ಇನ್ಮೇಲೆ ಬರ್ಬೇಡಿ" ಎಂದಳು. ದನಿ ಏರಲಿಲ್ಲ, ಇಳಿಯಲಿಲ್ಲ.

"ಕರೆದ್ರೆ ಬರ್ತೀನಿ ಮೇಡಂ. ಒಂದೇ ಸಲ ಸಾಕು."

"ಕರೆಯಲ್ಲ."

ವ್ಯಾನ್ ಹತ್ತಿ ಬಾಗಿಲು ಎಳೆದುಕೊಂಡಳು. ಕೈಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿತು. ಮನೆ ತಲುಪಿ, ಉಗುರು ಕಪ್ಪಾಗಿರುವುದನ್ನು ಮಾವ ತೋರಿಸಿದ ಮೇಲೆಯೇ ನೋಡಿದ್ದು.

*

ಮತ್ತೆ ಕೈಗಾಡಿ ಬಂತು.

ಅವಳು ಕುಂಡಗಳನ್ನು ಎತ್ತಿದಳು, ಇಳಿಸಿದಳು. ನೀರು ಹಾಕಿದಳು. ಟೀ ಮಾಡಿದಳು, ಕುಡಿಯಲು ಮರೆತಳು. ಮಾವ ಏನೋ ಹೇಳಲು ಬಾಯಿ ತೆರೆಯುತ್ತಿದ್ದರು, "ಇವತ್ತು ಬಿಸಿಲು ಜಾಸ್ತಿ" ಎಂದು ಮುಗಿಸುತ್ತಿದ್ದರು.

ನೋವಾಗಿದೆಯಾ? ಅವಳು ತನ್ನನ್ನೇ ಕೇಳಿಕೊಂಡಳು. ಗೊತ್ತಾಗಲಿಲ್ಲ. ಫೋನ್ ಬಂದಾಗಲೆಲ್ಲ ಕೈ ಒರೆಸಿಕೊಂಡು ಓಡುತ್ತಿದ್ದಳು ಅಷ್ಟೇ. ಗಿಡ ಬೇಕಾದವರು ಮಾತಾಡುತ್ತಿದ್ದರು. ಎಲ್ಲರಿಗೂ ಸರಿಯಾದ ಉತ್ತರ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಸಸಿ ತಗೊಳ್ಳಬೇಕಿದ್ದವರು ಅರ್ಧ ದಾರಿಯಲ್ಲೇ ಫೋನ್ ಮಾಡಿ "ನಾಳೆ ತನ್ನಿ" ಎಂದರು. ಅವಳು ವ್ಯಾನ್ ತಿರುಗಿಸಿ ಬೇಗ ಮನೆಗೆ ಬಂದಳು.

ಶೆಡ್ಡಿನಿಂದ ಮಾವನ ದನಿ.

"ಗಡಿಯಾರದ ಕಂಬ... ಗಡಿಯಾರದ ಕಂಬ ಯಾರ್ರೀ ಇಳಿಯೋರು..."

ಅವಳು ಬಾಗಿಲಲ್ಲಿ ನಿಂತಳು. ಕೆಂಪು ದೀಪ. ಹಸಿರು ದೀಪ. ಮೀಟರಿನೊಳಗೆ ಪುಟ್ಟ ಅಂಕಿಯೊಂದು ಸದ್ದಿಲ್ಲದೆ ಹೊರಳಿತು.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 'ಮೀಟರ್ ಕೆಟ್ಟಿಲ್ಲ ಮೇಡಂ. ಸರಿಯಾಗೇ ಓಡಿದೆ.' ಗೋಡೆಗೆ ಒರಗಿ, ಟೋಪಿ ನೋಡುತ್ತ ನಿಂತಿದ್ದವನು...

ಅಯ್ಯೋ!

ಮಾವ ತಿರುಗಿ ನೋಡಿದರು. ಅವರ ಕೈ ಕೀ ಕಡೆ ಹೋಯಿತು. "ಅಮ್ಮಾ... ನಾನು... ಹೇಳ್ಬೇಕು ಅಂತಾನೇ ಇದ್ದೆ ಕಣಮ್ಮ..."

ಅವಳು ಒಳಗೆ ಬಂದಳು. ಟ್ರಾಕ್ಟರಿನ ಹಿಂದೆ, ಕೂತುಬಿಟ್ಟಿದ್ದ ಲಿಫ್ಟಿನ ಹಲಗೆಯ ಮೇಲೆ, ಕುಂಡಗಳಿರಬೇಕಾದ ಜಾಗದಲ್ಲಿ ಹತ್ತಿ ಕೂತಳು.

"ಮಾವ."

"ಹ್ಞಾಂ?"

"ಎಲ್ಲರೂ ಹತ್ತಿದ್ದಾರೆ. ರೈಟ್."

ಮಾವನ ಬೆನ್ನು ಅಲುಗಿತು. ಮತ್ತೆ ಸ್ಟಿಯರಿಂಗ್ ಹಿಡಿದರು. ಆ ಶೆಡ್ಡಿನಿಂದ ಯಾವ ಬಸ್ಸೂ ಹೊರಡಲಿಲ್ಲ. ಇಬ್ಬರೂ ಕೊನೆಯ ಸ್ಟಾಪಿನವರೆಗೂ ಕೂತಿದ್ದರು.

ದಾರಿಯಲ್ಲಿ ಮಾವ ಎಲ್ಲವನ್ನೂ ಹೇಳಿದರು. ಮಾತು ತಗೊಂಡಿದ್ದನ್ನೂ.

"ಅವನು ನನ್ನ ಮರ್ಯಾದೆ ಉಳಿಸ್ದ, ನಿನ್ನ ಕಣ್ಣಲ್ಲಿ ಕೆಟ್ಟೋನಾದ. ನಾಳೆ ನಾನೇ ಹೋಗಿ ಆ ಮ್ಯಾನೇಜರ್‌ಗೆ ಹೇಳ್ತೀನಿ."

ಹೇಳಿದರು ಕೂಡ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವಳ ಪಕ್ಕದಲ್ಲಿ ನಿಂತು, ತಾನು ದಿನಾ ಟ್ರಾಕ್ಟರಿನ ಮೇಲೆ ಕೂತು ಬಸ್ಸು ಓಡಿಸುತ್ತಿದ್ದೆ ಎಂದು ಆ ಗಾಜಿನ ಮೇಜಿನ ಮುಂದೆ ಹೇಳಿದರು. ಪಕ್ಕದ ಕೌಂಟರಿನಲ್ಲಿ ಯಾರೋ ಕಿಸಕ್ಕೆಂದರು. ಮಾವ ತಲೆ ತಗ್ಗಿಸಲಿಲ್ಲ.

ಮ್ಯಾನೇಜರ್ ಎಲ್ಲ ಕೇಳಿಸಿಕೊಂಡ. "ಕೂತಿದ್ದ ಗಂಟೆನೂ ಗಂಟೆನೇ ಯಜಮಾನ್ರೇ. ಏನೂ ಮಾಡೋಕಾಗಲ್ಲ." ಆಮೇಲೆ ಬೇಸರದಿಂದ, "ಆ ನಿಮ್ಮ ಮೆಕ್ಯಾನಿಕ್‌ದೂ ದಿನಾ ಇದೇ ರಾಗ ಆಗಿತ್ತು. 'ಇವರ ಲಿಫ್ಟು ಕೊಡ್ಲೇಬೇಕು, ಕೊಡ್ಲೇಬೇಕು' ಅಂತ. ಕಾರಣ ಕೇಳಿದ್ರೆ ಬಾಯಿ ಬಿಡಲ್ಲ! ಸಾಕಾಗಿ ಗೋಡೌನಿಗೆ ಹಾಕಿದ್ದೀನಿ. ಪೆಟ್ಟಿಗೆ ಎತ್ತಿಡ್ಲಿ."

ವಾರಂಟಿ ಸತ್ತಿತ್ತು. ಅವಳು ಮಾವನ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

"ಅವನಿಗೆ ಒಂದು ಫೋನ್ ಮಾಡಮ್ಮ."

"ಯಾವ ಮುಖ ಇಟ್ಕೊಂಡು ಮಾಡ್ಲಿ ಮಾವ? ಬರ್ಬೇಡಿ ಅಂದಿದ್ದು ನಾನೇ."

"ನಿಂಗೆ ನಾಚಿಕೆ ಆದ್ರೆ ಬಿಡು. ನಂಗೆ ಹತ್ತು ಸಲ ಕರೆಯೋಕೂ ನಾಚಿಕೆ ಇಲ್ಲ" ಎಂದು ಮಾವ ತಾವೇ ಫೋನ್ ತೆಗೆದರು.

*

ಟೋಪಿ ತನ್ನ ರಜೆಯ ದಿನ ಬಂದ.

ಬೈಕಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಸಿಲಿಂಡರ್. ಗುಜರಿಗೆ ಹೋದ ಗಾಡಿಯೊಂದರದ್ದು. ಉಜ್ಜಿ, ಹೊಸ ಸೀಲು ಹಾಕಿ ತಂದಿದ್ದ.

ಅವಳ ಮುಖ ನೋಡಲಿಲ್ಲ. ಟೋಪಿ ತೆಗೆದ. ಬೋಲ್ಟುಗಳು ಸಾಲಾಗಿ ಅದರೊಳಗೆ ಬಿದ್ದವು. ಅವಳು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೇಳಿದ ಪಾನಾ ಕೊಟ್ಟಳು. ಒರೆಸುವ ಬಟ್ಟೆ ಕೊಟ್ಟಳು.

"ಯಾಕೆ ಹೇಳ್ಲಿಲ್ಲ?" ಎಂದಳು ಕೊನೆಗೆ.

"ಮಾತು ಕೊಟ್ಟಿದ್ದೆ."

"ನಾನು ಏನೇನೋ ಅಂದೆ. ಆಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಬಾಯಿ ತುದಿವರೆಗೂ ಬಂತು." ಅವನು ಬೋಲ್ಟು ಬಿಗಿ ಮಾಡುತ್ತಲೇ ಹೇಳಿದ. "ಹೇಳಿದ್ರೆ ಅವರ ಬಸ್ಸು ನಿಂತುಹೋಗ್ತಿತ್ತು ಮೇಡಂ."

ಅವಳಿಗೆ ಕ್ಷಮೆ ಕೇಳಬೇಕಿತ್ತು. ಮಾತುಗಳು ಇದ್ದವು. ಎಲ್ಲೋ ಒಳಗೆ, ಕೈಗೆಟುಕದ ಕಪಾಟಿನಲ್ಲಿ.

"ತಪ್ಪು ತಿಳ್ಕೊಂಡೆ" ಎಂದಳು. ಅಷ್ಟೇ ಬಂತು.

"ಪರವಾಗಿಲ್ಲ."

ಕೆಲಸ ಮುಗಿದ ಮೇಲೆ ಅವನು ಮಾವನನ್ನು ಕರೆದು ಸೀಟಿನ ಕೆಳಗೆ ಒಂದು ಪುಟ್ಟ ಸ್ವಿಚ್ಚು ತೋರಿಸಿದ. ಅದಕ್ಕೆ ಬೇರೆಯದೇ ಚಿಕ್ಕ ಬ್ಯಾಟರಿ. "ಇನ್ಮೇಲೆ ಕೀ ಬೇಡ ಸಾಹೇಬ್ರೇ. ಇದನ್ನ ಒತ್ತಿ. ದೀಪ ಅಷ್ಟೂ ಹತ್ತುತ್ತೆ, ಮೀಟರ್ ಓಡಲ್ಲ. ಎಷ್ಟು ಟ್ರಿಪ್ ಬೇಕಾದ್ರೂ ಹೊಡೀರಿ."

ಮಾವ ಒತ್ತಿದರು. ದೀಪ ಹತ್ತಿತು. ಅವರು ಅವನ ತಲೆಯ ಮೇಲೆ ಕೈಯಿಟ್ಟು, ಕಣ್ಣು ಒರೆಸಿಕೊಳ್ಳುತ್ತ ಮನೆಯೊಳಗೆ ಹೋದರು.

ಟೋಪಿ ಇಂಜಿನ್ ಸ್ಟಾರ್ಟ್ ಮಾಡಿದ. ಕುಂಡಗಳನ್ನು ಹೊತ್ತ ಲಿಫ್ಟು ಮೇಲೆದ್ದು ನಿಂತಿತು. ಜಾರಲಿಲ್ಲ.

"ಸ್ವಲ್ಪ ಹೊತ್ತು ಹೀಗೇ ಓಡ್ತಿರ್ಲಿ. ಎಣ್ಣೆ ಹನಿ ಬರ್ಲಿಲ್ಲ ಅಂದ್ರೆ ಆಫ್ ಮಾಡಿ. ಇನ್ನು ಇದು ಕೈಕೊಡಲ್ಲ ಮೇಡಂ." ತಲೆಯ ಮೇಲೆ ಟೋಪಿ ಇಟ್ಟುಕೊಂಡು, "ಇನ್ನು ನಾನು ಬೇಕಾಗಲ್ಲ" ಎಂದ.

ಅವಳು ತಲೆಯಾಡಿಸಿದಳು.

ಅವನು ಪಾನಾ ಚೀಲ ಹೆಗಲಿಗೆ ಹಾಕಿಕೊಂಡು ನಡೆದ. ಬೈಕು ಗೇಟಿನ ಆಚೆಗಿತ್ತು.

ಅದೇ ಗೇಟು. ದೂರವಾಗುತ್ತಿರುವ ಬೆನ್ನು ಮಾತ್ರ ಬೇರೆ.

ಹೋಗಲಿ. ಗಾಡಿ ಸರಿಯಾಯಿತು. ಇನ್ನು ಕರೆಯಲು ಕಾರಣವೂ ಇಲ್ಲ.

ಕಾರಣ ಇಲ್ಲ... ಜಜ್ಜಿದ ಉಗುರು ಇದ್ದಕ್ಕಿದ್ದ ಹಾಗೆ ನೋಯತೊಡಗಿತು. ಇಷ್ಟು ದಿನ ನೋಯದೇ ಇದ್ದದ್ದು ಈಗ ಭುಜದವರೆಗೂ ಹತ್ತಿತು. ಅವಳು ಕೈಯನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಳು.

"ಮೆಕ್ಯಾನಿಕ್!"

ಟ್ರಾಕ್ಟರಿನ ಸದ್ದು ಅವಳ ದನಿಯನ್ನು ನುಂಗಿತು. ಅವನು ತಿರುಗಲಿಲ್ಲ.

ಕರೆದಾಯಿತು. ಒಂದು ಸಲ.

ಅವನು ಚಿಲಕದ ಮೇಲೆ ಕೈ ಇಟ್ಟ.

ಅವಳಿಗೆ ಆ ಸದ್ದು ಗೊತ್ತಿತ್ತು. ಚಿಲಕ ಎದ್ದು ಬೀಳುವ ಸದ್ದು. ಇನ್ನೊಂದು ಸಲ ಕೇಳಿಸಿಕೊಳ್ಳಲು ಅವಳ ಕೈಲಾಗಲಿಲ್ಲ.

"ರೀ...!"

ಕಿರುಚಿದಳು! ಗುಲಾಬಿ ಸಾಲಿನ ಆಚೆ ನೀರು ಹಾಕುತ್ತಿದ್ದ ಕೆಲಸದ ಹೆಂಗಸು ಪೈಪು ಕೈಬಿಟ್ಟು ಎದ್ದು ನಿಂತಳು. ವರಾಂಡಕ್ಕೆ ಮಾವ ಬಂದರು.

ಅವನು ತಿರುಗಿದ. ಓಡಿ ಬಂದ.

"ಏನಾಯ್ತು? ಲೀಕ್ ಆಯ್ತಾ?"

"ಇಲ್ಲ."

"ಲಿಫ್ಟ್ ಜಾರಿತಾ?"

"ಗಾಡಿಗೆ ಏನೂ ಆಗಿಲ್ಲ."

"ಮತ್ತೆ?"

ಅವಳ ಕೆನ್ನೆ ಒದ್ದೆಯಾಗಿತ್ತು. ಗಲ್ಲದಿಂದ ಹನಿ ಬಿದ್ದ ಮೇಲೆ ಗೊತ್ತಾಯಿತು.

"ನಾಳೆನೂ ಬನ್ನಿ" ಎಂದಳು.

"ಏನು ಕಂಪ್ಲೇಂಟ್ ಅಂತ ಬರ್ಲಿ?"

"ಕಂಪ್ಲೇಂಟ್ ಇಲ್ದೇ ಬನ್ನಿ."

ಅವನು ಟೋಪಿ ತೆಗೆದ. ಅದರೊಳಗೆ ಬೋಲ್ಟು ಇರಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀವು ಬರ್ಬೇಡಿ ಅಂದ ಮೇಲೂ ದಿನಾ ಫೋನ್ ನೋಡ್ತಿದ್ದೆ. ಗೋಡೌನಲ್ಲಿ ಸಿಗ್ನಲ್ ಇರಲ್ಲ. ಊಟದ ಹೊತ್ತಲ್ಲಿ ಹೊರಗೆ ಬಂದು ಬಿಸಿಲಲ್ಲಿ ನಿಂತ್ಕೋತಿದ್ದೆ."

"ನಾನು ಕರೆಯೋಳಲ್ಲ ಅಂತ ಗೊತ್ತಿತ್ತಲ್ಲ."

"ಗೊತ್ತಿತ್ತು. ಆದ್ರೂ ನಿಂತ್ಕೋತಿದ್ದೆ."

ಅವಳು ಕಣ್ಣೊರೆಸಿಕೊಂಡಳು. "ನನ್ನ ಹತ್ರ ವಾರಂಟಿ ಇಲ್ಲ. ನಾಳೆ ಹೇಗಿರ್ತೀನೋ ನಂಗೇ ಗೊತ್ತಿಲ್ಲ."

"ವಾರಂಟಿ ಇರೋವನ್ನೆಲ್ಲ ರಿಪೇರಿ ಮಾಡಿದ್ದೀನಿ" ಎಂದ ಅವನು. "ಅದು ಬೇಡ. ಸದ್ದು ಕೇಳಿಸ್ತಾ ಇದ್ರೆ ಸಾಕು."

"ಯಾರ ಸದ್ದು?"

"ನಿಮ್ಮದು."

ವರಾಂಡದಿಂದ ಮಾವ ಕೂಗಿದರು, "ಕೊನೆ ಸ್ಟಾಪ್ ಬಂತು, ಇಂಜಿನ್ ಆಫ್ ಮಾಡ್ರಪ್ಪ, ಡೀಸೆಲ್ ಹಾಳು!"

ಅವಳು ಕೈ ಚಾಚಿ ಕೀ ತಿರುಗಿಸಿದಳು. ಸದ್ದು ನಿಂತಿತು. ನೆಲದ ಮೇಲೆ ಎಣ್ಣೆ ಹನಿ ಇರಲಿಲ್ಲ.

ಯಾರನ್ನೂ ಎರಡನೇ ಸಲ ಕರೆಯುವುದಿಲ್ಲ ಎಂದು ಅವಳು ಮಾತು ಕೊಟ್ಟುಕೊಂಡಿದ್ದಳು. ಆ ಮಾತು ಅವತ್ತು ಮುರಿಯಿತು.